ಸೊಪ್ಪೆಯ ಲೆಕ್ಕ

ರಾಯಚೂರು ದೋಆಬಿನ ಪಾಠ ಮಾಡುವಾಗ ನಾವು ಶಿಕ್ಷಕರು ಕೃಷ್ಣೆ–ತುಂಗಭದ್ರೆಯರ ನಡುವಿನ ನೆಲಕ್ಕಾಗಿ ರಾಜರು ಕಾದಾಡಿದ್ದನ್ನು ಹೇಳುತ್ತೇವೆ. ೧೫೨೦ರ ಯುದ್ಧವನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಆ ನೆಲದಲ್ಲಿ ಏನು ಬೆಳೆಯುತ್ತಿತ್ತು, ಬೆಳೆದದ್ದನ್ನು ಯಾರು ಯಾರು ತಿನ್ನುತ್ತಿದ್ದರು ಎಂದು ಯಾವ ಪರೀಕ್ಷೆಯಲ್ಲೂ ಕೇಳುವುದಿಲ್ಲ.

ನನ್ನ ತವರು ಮಾನ್ವಿ ಸೀಮೆಯ ಕುರ್ಡಿ. ಅಲ್ಲಿ ಒಂದು ಮನೆಯ ಅನುಕೂಲವನ್ನು ಅಳೆಯುತ್ತಿದ್ದುದು ಹಿತ್ತಲ ಬಣವೆಯಿಂದ. ಹೆಣ್ಣು ಕೊಡುವವರೂ ಮೊದಲು ಬಣವೆ ನೋಡುತ್ತಿದ್ದರು, ಆಮೇಲೆ ವರನನ್ನು. ಹಿಂಗಾರಿ ಬಿಳಿಜೋಳದ ತೆನೆ ಕೊಯ್ದ ಮೇಲೆ ಉಳಿಯುವ ದಂಟು, ನಮ್ಮ ಬಾಯಲ್ಲಿ ಸೊಪ್ಪೆ, ಅದೇ ವರ್ಷವಿಡೀ ಎತ್ತು–ಎಮ್ಮೆಗಳ ಹೊಟ್ಟೆಗೆ ಆಧಾರ. ಎತ್ತು ಹೊಲ ಹರಗಬೇಕು, ಸಗಣಿ ತಿಪ್ಪೆಗೆ ಹೋಗಿ ಮರಳಿ ಹೊಲ ಸೇರಬೇಕು. ಸುಗ್ಗಿ ಮುಗಿದ ಹೊಲದಲ್ಲಿ ಕುರಿ ನಿಲ್ಲಿಸಿಕೊಂಡು ಕುರುಬರಿಗೆ ಕಾಳು ಕೊಡುವ ರೂಢಿಯೂ ಇತ್ತು. ಎಮ್ಮೆಯ ಬೆಣ್ಣೆ, ತುಪ್ಪ, ಕುಳ್ಳು ಮಾತ್ರ ಹೆಂಗಸರ ಪಾಲು. ಮಗಳಿಗೆ ಬಳೆ ಇಡಿಸಲು ಗಂಡನ ಮುಂದೆ ಕೈಚಾಚದಂತೆ ಕಾದದ್ದು ಆ ದುಡ್ಡೇ.

ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ೧೯೩೦ರ ದಶಕದಲ್ಲಿ ಆರಿಸಿ ತೆಗೆದ ಎಂ. ೩೫–೧ ಎಂಬ ಮಾಲದಂಡಿ ಜೋಳ ನಮ್ಮ ಎರೆಭೂಮಿಗೆ ಒಗ್ಗಿದ್ದು ಇದೇ ಕಾರಣಕ್ಕೆ. ರೊಟ್ಟಿಯೂ ಮೆತ್ತಗೆ, ಸೊಪ್ಪೆಯೂ ಎತ್ತರ. ೧೯೬೪ರಲ್ಲಿ ದೇಶದ ಮೊದಲ ಹೈಬ್ರಿಡ್ ಜೋಳ ಸಿ.ಎಸ್.ಎಚ್.–೧ ಬಂತು. ಕಾಳಿನ ಇಳುವರಿ ಹೆಚ್ಚು, ದಂಟು ಗಿಡ್ಡ. ಕಾಳಿಗೆ ಬರಗಾಲವಿದ್ದ ದಿನಗಳವು, ವಿಜ್ಞಾನಿಗಳು ಕಾಳನ್ನೇ ತೂಗಿದ್ದನ್ನು ತಪ್ಪೆನ್ನಲಾರೆ. ಆದರೆ ನಮ್ಮ ಅಜ್ಜಿಯ ತಕ್ಕಡಿ ಬೇರೆ. "ನೋಡವ್ವಾ, ಕಾಳು ನಾವು ತಿಂದೇವು. ಈ ಗಿಡ್ಡ ಸೊಪ್ಪಿ ಎತ್ತಿಗಿ ಎಷ್ಟ ದಿನ ಸಾಲ್ತದ?" ಎನ್ನುತ್ತಿದ್ದಳು.

ಈ ಪ್ರಶ್ನೆ ಪ್ರಯೋಗಶಾಲೆ ತಲುಪಲು ಬಹಳ ಕಾಲ ಹಿಡಿಯಿತು. ಹೈದರಾಬಾದಿನ ಹತ್ತಿರದ ಪಟಾನ್‌ಚೆರುವಿನಲ್ಲಿ ೧೯೭೨ರಲ್ಲಿ ಒಣಬೇಸಾಯದ ಅಂತರರಾಷ್ಟ್ರೀಯ ಸಂಸ್ಥೆ ಇಕ್ರಿಸ್ಯಾಟ್ ಹುಟ್ಟಿತು. ೧೯೭೫ರಿಂದ ಅದರ ಸಂಶೋಧಕರು ಹಳ್ಳಿಗಳಲ್ಲೇ ಉಳಿದು ಮನೆ ಮನೆಯ ಆದಾಯ, ದನ, ಕೂಲಿ ಎಲ್ಲವನ್ನೂ ಬರೆದುಕೊಂಡರು. ಆರಿಸಿದ ಆರು ಹಳ್ಳಿಗಳಲ್ಲಿ ಎರಡು, ಔರೇಪಲ್ಲಿ ಮತ್ತು ದೋಕೂರು, ಕೃಷ್ಣೆಯ ಆಚೆಯ ಆಗಿನ ಮಹಬೂಬನಗರ ಜಿಲ್ಲೆಯವು. ಸಣ್ಣ ರೈತ ಬೆಳೆಯನ್ನೂ ದನವನ್ನೂ ಬೇರೆ ಬೇರೆ ಲೆಕ್ಕದಲ್ಲಿ ಇಡುವುದಿಲ್ಲ, ಮೇವಿನ ಬೆಲೆ ಕಾಳಿನ ಬೆಲೆಗಿಂತ ಬೇಗ ಏರುತ್ತಿದೆ ಎಂಬ ಮಾತು ೧೯೯೦ರ ದಶಕದ ಹೊತ್ತಿಗೆ ಅವರ ಬರಹಗಳಲ್ಲಿ ಕಾಣಿಸಿತು.

ಇನ್ನೊಂದು ಅಧ್ಯಯನ ನನಗೆ ಬಹಳ ಹಿಡಿಸಿತು. ೨೦೦೪–೦೫ರಲ್ಲಿ ಹೈದರಾಬಾದಿನ ಮೇವಿನ ವ್ಯಾಪಾರಿಗಳ ಬಳಿ ತಿಂಗಳು ತಿಂಗಳೂ ಹೋಗಿ ಜೋಳದ ಸೊಪ್ಪೆಯ ದರ ಕೇಳಿ, ಅದನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದರು. ನೂರಕ್ಕೆ ೪೭ ಪಾಲು ಜೀರ್ಣವಾಗುವ ಸೊಪ್ಪೆಗಿಂತ ೫೨ ಪಾಲು ಜೀರ್ಣವಾಗುವುದಕ್ಕೆ ಕೊಳ್ಳುವವರು ಸುಮಾರು ಕಾಲುಪಾಲು ಹೆಚ್ಚು ದುಡ್ಡು ಕೊಡುತ್ತಿದ್ದರು. ಯಂತ್ರವಿಲ್ಲದೆ, ಕೈಯಲ್ಲಿ ಮುರಿದು ನೋಡಿ! ಅಲ್ಲಿ ಒಳ್ಳೆಯ ಬೆಲೆ ಪಡೆದ ಸೊಪ್ಪೆಯ ಹೆಸರೇ 'ರಾಯಚೂರು'. ಅಜ್ಜಿ ಇದ್ದಿದ್ದರೆ ಓದಿ ಹೇಳುತ್ತಿದ್ದೆ.

ಅಷ್ಟರಲ್ಲಿ ರಾಯಚೂರು ಜಿಲ್ಲೆಯ ಕಥೆ ಬೇರೆ ದಾರಿ ಹಿಡಿದಿತ್ತು. ೧೯೫೩ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಇಳಿದ ಮೇಲೆ ಎಡದಂಡೆಯ ಸಿಂಧನೂರು, ಮಾನ್ವಿ ಕಡೆ ವರ್ಷ ವರ್ಷವೂ ಭತ್ತ ಹೆಚ್ಚಿತು. ಹಸಿವು ತಗ್ಗಿತು, ಗುಡಿಸಲಿದ್ದಲ್ಲಿ ಮಾಳಿಗೆ ಎದ್ದಿತು. ಅದನ್ನು ಮರೆತು ಮಾತನಾಡುವುದು ನ್ಯಾಯವಲ್ಲ. ಆದರೆ ಟ್ರ್ಯಾಕ್ಟರು ಬಂದಲ್ಲಿ ಎತ್ತು ಹೋಯಿತು, ಎತ್ತಿನ ಹಿಂದೆ ಎಮ್ಮೆಯೂ ಹೋಯಿತು. ಕೊಯ್ಲಿನ ಯಂತ್ರ ಚೆಲ್ಲಿದ ಹುಲ್ಲಿಗೆ ಗದ್ದೆಯಲ್ಲೇ ಬೆಂಕಿ ಇಡುವ, ಗೊಬ್ಬರವನ್ನು ಚೀಲದಲ್ಲಿ ಕೊಳ್ಳುವ, ಹಾಲನ್ನು ಪಾಕೀಟಿನಲ್ಲಿ ತರಿಸುವ ಮನೆಗಳನ್ನು ನಾನೇ ಕಂಡಿದ್ದೇನೆ. ಭತ್ತದ ದುಡ್ಡು ಗಂಡಸರ ಕೈಗೆ ಇಡುಗಂಟಾಗಿ ಬರುತ್ತದೆ. ಬೆಣ್ಣೆಯ ದುಡ್ಡು ಎಲ್ಲಿ ಹೋಯಿತೆಂದು ಯಾರೂ ಹುಡುಕಲಿಲ್ಲ.

ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರದವರು ಇದೇ ತುಂಗಭದ್ರಾ ಪ್ರದೇಶದ ಸಣ್ಣ, ಮಧ್ಯಮ ರೈತರಿಗಾಗಿ ಭತ್ತದ ಜೊತೆ ಮೀನು, ಆಡು, ಕೋಳಿ, ತರಕಾರಿ ಸೇರಿಸಿ ನೋಡಿದರು. ಬರೀ ಭತ್ತದ ಮೇಲೆ ಭತ್ತ ಬೆಳೆಯುವುದಕ್ಕಿಂತ ಅದು ಲಾಭವೆಂದು ೨೦೦೯ರಲ್ಲಿ ಪ್ರಕಟಿಸಿದರು. ಸಂತೋಷವೇ. ಆದರೆ ಆಡಿಗೆ ಸೊಪ್ಪು ತರುವವರು, ಕೋಳಿಗೂಡು ಗುಡಿಸುವವರು ಯಾರು? ಕೆಲಸ ಹೆಂಗಸರಿಗೆ ಮರಳಿ ಬಂದು ದುಡ್ಡು ಬರದೇ ಹೋದರೆ ನನಗೆ ಆ ಲಾಭದ ಮೇಲೆ ಅಷ್ಟು ಪ್ರೀತಿ ಇಲ್ಲ.

ಕುರ್ಡಿಯಲ್ಲಿ ನನ್ನ ತಮ್ಮ ಹೊಲಕ್ಕೆಲ್ಲ ಹತ್ತಿ ಹಾಕೋಣವೆಂದು ಹೊರಟಿದ್ದ. ಅವನ ಹೆಂಡತಿ ಎರಡೆಕರೆ ಬಿಳಿಜೋಳಕ್ಕೆ ಬೇಕೆಂದು ಹಟ ಹಿಡಿದಳು. ಅವಳಿಗೆ ಎರಡು ಎಮ್ಮೆಗಳಿವೆ, ಹಾಲಿನ ಲೆಕ್ಕದ ಪುಸ್ತಕ ಅವಳ ಟ್ರಂಕಿನಲ್ಲಿದೆ. "ಹತ್ತಿ ಕಟಗಿ ನನ್ನ ಎಮ್ಮಿ ತಿಂತದೇನ್ರಿ?" ಎಂದಳಂತೆ. ಆ ಎರಡೆಕರೆ ಈಗಲೂ ಜೋಳಕ್ಕೇ ಇದೆ.