ಸರ್ವಮಾನ್ಯವೂ ಹಳೆಯ ಕಾರೂ

1948ರಲ್ಲಿ ಮೊದಲ ಲ್ಯಾಂಡ್ ರೋವರ್ ಸಿದ್ಧವಾದ ಸೊಲಿಹಲ್ ನಾನು ನೆಲೆಸಿರುವ ಊರು. ಮಕ್ಕಳನ್ನು ಶಾಲೆಗೆ ಹೊತ್ತೊಯ್ದ ನಮ್ಮ ಹಳೆಯ ಕಾರನ್ನು ದತ್ತಿಸಂಸ್ಥೆಯೊಂದಕ್ಕೆ ಕೊಡಹೊರಟಾಗ, ಅಮೆರಿಕದಲ್ಲಿರುವ ಭಾವನವರು, “ಡಿಸೆಂಬರ್ ಮುಗಿಯುವುದರೊಳಗೆ ಕೊಟ್ಟುಬಿಡು, ತೆರಿಗೆ ಉಳಿಯುತ್ತದೆ” ಎಂದರು. ನನಗೂ ಆಸೆಯಾಯಿತು.

ಆದರೆ ಬ್ರಿಟನ್ನಿನ ರೀತಿ ಬೇರೆ. ಇಲ್ಲಿ ತೆರಿಗೆಯ ವರ್ಷ ಮುಗಿಯುವುದು ಏಪ್ರಿಲ್ 5ರಂದು. 1990ರಲ್ಲಿ ಆರಂಭವಾದ ‘ಗಿಫ್ಟ್ ಏಡ್’ ಹಣದ ದಾನಕ್ಕೆ ಮಾತ್ರ ಸಲ್ಲುತ್ತದೆ, ವಸ್ತುವಿಗಲ್ಲ. ಮೊದಲಿಗೆ 600 ಪೌಂಡ್‌ಗಿಂತ ಕಡಿಮೆಯ ದಾನಕ್ಕೆ ಅದು ದೊರೆಯುತ್ತಿರಲಿಲ್ಲ. 2000ದಲ್ಲಿ ಕನಿಷ್ಠ ಮಿತಿಯೇ ರದ್ದಾಯಿತು. ಕಾರನ್ನು ನಮ್ಮ ಪರವಾಗಿ ಮಾರಿಸಿ, ಬಂದ ಹಣವನ್ನು ನಾವು ದಾನವಿತ್ತರೆ, ನಾವು ಕಟ್ಟಿದ ತೆರಿಗೆಯಿಂದ ಪೌಂಡಿಗೆ 25 ಪೆನ್ಸ್ ಸಂಸ್ಥೆಗೇ ಸೇರುತ್ತದೆ. ಹೆಚ್ಚಿನ ದರದ ತೆರಿಗೆದಾರರಿಗೆ ಮಾತ್ರ ಒಂದಿಷ್ಟು ಮರಳುತ್ತದೆ.

ಆಗ ನೆನಪಾದುದು ವಿಜಯನಗರ ಕಾಲದ ಶಾಸನಗಳ ‘ಸರ್ವಮಾನ್ಯ’. ಭೂಮಿಯನ್ನು ದಾನವಿತ್ತವರು ಅದರ ತೆರಿಗೆಯನ್ನೂ ಬಿಟ್ಟುಕೊಡುತ್ತಿದ್ದರು. ಆ ವಿನಾಯಿತಿಯ ಫಲ ಪಡೆದವರದು, ಕೊಟ್ಟವರದಲ್ಲ. ನಮ್ಮ ಹಿರಿಯರು ಕಲ್ಲಿನಲ್ಲಿ ಕೆತ್ತಿಸಿದ ನೀತಿಯನ್ನೇ ಇಲ್ಲಿನ ಅರ್ಜಿಯ ಹಾಳೆಯಲ್ಲಿ ಕಂಡು ನಾಚಿದೆ. ನನಗೇನು ಉಳಿಯಿತೆಂಬ ಲೆಕ್ಕವನ್ನು ಬಿಟ್ಟು, ಸಹಿ ಹಾಕಿ ಕೀಲಿಕೈ ಒಪ್ಪಿಸಿದೆ.