ಹೆಂಚಿನ ಹಿಂದಿನ ಕಥೆ: ಅಪ್ಪನ ಕುಡಿತ ಮಗನ ಹಣೆಬರಹವೇ?

ನಿಮ್ಮೂರಿನ ಹಳೆಯ ಶಾಲೆಯ ಮೇಲೋ ಅಜ್ಜನ ಮನೆಯ ಮೇಲೋ ಕೆಂಪು ಮಂಗಳೂರು ಹೆಂಚು ಇರಬಹುದು. ನಾಡಹೆಂಚಿನ ಹಾಗೆ ಇದನ್ನು ವರ್ಷವರ್ಷ ಕೈಯಾಡಿಸಬೇಕಿಲ್ಲ. ತೀರಾ ಹಳೆಯದಾದರೆ ಒಂದನ್ನು ಮಗುಚಿ ನೋಡಿ. ಕೆಲವುದರ ಮೇಲೆ ಬಾಸೆಲ್ ಮಿಷನ್ ಎಂದು ಇಂಗ್ಲಿಷ್ ಅಕ್ಷರಗಳ ಅಚ್ಚು ಇರುತ್ತದೆ. ಆ ಹೆಂಚಿನ ಹಿಂದೆ ಒಂದು ಪ್ರಶ್ನೆ ಇದೆ. ಅಪ್ಪನಿಂದ, ಅಜ್ಜನಿಂದ ಬಂದದ್ದನ್ನು ಮನುಷ್ಯ ದಾಟಬಲ್ಲನೇ?

ನಾನಿರುವ ಮೈಸೂರಿನ ರಾಜೀವನಗರದಲ್ಲೂ, ವರದಿಗೆ ಹೋಗುವ ಹಳ್ಳಿಗಳಲ್ಲೂ ಒಂದೇ ಮಾತು ಕಿವಿಗೆ ಬೀಳುತ್ತದೆ: 'ಅವರಪ್ಪನೂ ಹಾಗೇ ಇದ್ದ, ಇವನು ಇನ್ನೇನಾದಾನು? ರಕ್ತದಲ್ಲೇ ಬಂದದ್ದು.' ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂದು ನಮ್ಮ ಗಾದೆಯೂ ಹೇಳುತ್ತದೆ. ಇಂಥ ಗಾದೆ ನಮ್ಮಲ್ಲಿ ಮಾತ್ರ ಇಲ್ಲ. ಎರಡೂವರೆ ಸಾವಿರ ವರ್ಷಗಳ ಹಿಂದೆ ಬಾಬಿಲೋನಿನಲ್ಲಿ ಸೆರೆಯಾಗಿದ್ದ ಯೆಹೂದಿ ಜನರೂ ಹಿರಿಯರು ತಿಂದ ಹುಳಿಗೆ ಮಕ್ಕಳ ಹಲ್ಲು ಜುಮ್ಮೆನ್ನುತ್ತದೆ ಎಂಬ ಅರ್ಥದ ಗಾದೆ ಹೇಳುತ್ತಿದ್ದರು. ಪ್ರವಾದಿ ಯೆಹೆಜ್ಕೇಲ ಆ ಗಾದೆಯನ್ನೇ ಬಿಡಿ ಎಂದ. ತಂದೆಯ ತಪ್ಪಿಗೆ ಮಗ ಹೊಣೆಯಲ್ಲ, ತಿರುಗಿಕೊಂಡವನಿಗೆ ಬದುಕು ಉಂಟು ಎಂಬುದು ಅವನ ವಾದ. ಮುಂದೆ ಹುಟ್ಟುಕುರುಡನೊಬ್ಬನನ್ನು ಕಂಡು ಇದು ಯಾರ ಪಾಪ, ಇವನದೋ ಹೆತ್ತವರದೋ ಎಂದು ಶಿಷ್ಯರು ಕೇಳಿದಾಗ ಯೇಸು ಎರಡೂ ಅಲ್ಲ ಎಂದದ್ದು ಯೋಹಾನನ ಸುವಾರ್ತೆಯಲ್ಲಿದೆ.

ಹಾಗಾದರೆ ಕ್ರೈಸ್ತರು ಹೇಳುವ ಜನ್ಮಪಾಪ ಏನು? ನಾಲ್ಕನೇ, ಐದನೇ ಶತಮಾನದಲ್ಲಿ ಬದುಕಿದ್ದ ಸಂತ ಅಗಸ್ಟೀನ್ ಇದನ್ನು ಬಿಡಿಸಿ ಹೇಳಿದರು. ಮನುಷ್ಯರೆಲ್ಲ ಹುಟ್ಟುತ್ತಲೇ ಒಂದು ದೌರ್ಬಲ್ಯ ಹೊತ್ತು ಬರುತ್ತಾರೆ, ದೇವರ ಕೃಪೆ ಮತ್ತು ಕ್ಷಮೆಯಿಂದಲೇ ಅದರಿಂದ ಬಿಡುಗಡೆ. ಇಲ್ಲಿ 'ಎಲ್ಲರೂ' ಎಂಬ ಮಾತನ್ನು ಗಮನಿಸಿ. ಎಲ್ಲರಿಗೂ ಬಂದದ್ದಾದರೆ ಒಂದು ಮನೆಗೆ, ಒಂದು ಕೇರಿಗೆ ಮಾತ್ರ ಬೆರಳು ತೋರಿಸುವಂತಿಲ್ಲ.

ಈ ನಂಬಿಕೆ ಕನ್ನಡ ನಾಡಿನಲ್ಲಿ ಹೇಗೆ ಪರೀಕ್ಷೆಗೆ ಒಳಗಾಯಿತು ಎಂಬುದನ್ನು ನೋಡಲು ಮಂಗಳೂರಿಗೆ ಹೋಗಬೇಕು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಬಾಸೆಲ್ ಮಿಷನ್ನಿನ ಮೂವರು ಪಾದ್ರಿಗಳು, ಸಾಮ್ಯುಯೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್, 1834ರಲ್ಲಿ ಅಲ್ಲಿಗೆ ಬಂದರು. ಅವರ ಮಾತು ಕೇಳಿ ಸಭೆಗೆ ಸೇರಿದವರಲ್ಲಿ ಬಿಲ್ಲವರು ಹೆಚ್ಚಿದ್ದರು. ಬಿಲ್ಲವರಲ್ಲಿ ಅನೇಕರಿಗೆ ಮೂರ್ತೆದಾರಿಕೆ, ಅಂದರೆ ಮರ ಹತ್ತಿ ಕಳ್ಳು ಇಳಿಸುವುದು, ತಲೆಮಾರಿನ ಕಸುಬು. ಮಿಷನ್ನಿನವರು ಕುಡಿತವನ್ನು ಕಟ್ಟುನಿಟ್ಟಾಗಿ ವಿರೋಧಿಸುತ್ತಿದ್ದರು. ಸಭೆಗೆ ಸೇರಿದವನು ಕಳ್ಳು ಇಳಿಸುವಂತಿಲ್ಲ, ಮಾರುವಂತಿಲ್ಲ.

ಅದೇ ಸಭೆಗೆ 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕ ಬಂದರು. ಬಾಸೆಲ್‌ಗೆ ಹೋಗಿ ಓದಿ ಪಾದ್ರಿಯಾಗಿ ಮರಳಿದರು. ಕೊಡಗಿನಲ್ಲಿ ಜೀತದ ಬದುಕಿನಿಂದ ಬಂದ ದಲಿತ ಕ್ರೈಸ್ತರಿಗಾಗಿ ಅವರು ಕಟ್ಟಿದ ನೆಲೆಯೇ ಆನಂದಪುರ. ಮೇಲು ಜಾತಿಯಲ್ಲಿ ಹುಟ್ಟಿದವನಿಗೂ, ಮೂರ್ತೆದಾರನಿಗೂ, ಜೀತದಾಳಿಗೂ ಬೇಕಾದದ್ದು ಒಂದೇ ಕ್ಷಮೆ ಎಂಬುದು ಆ ಕಾಲಕ್ಕೆ ಸಣ್ಣ ಮಾತಾಗಿರಲಿಲ್ಲ.

ಆದರೆ ಕ್ಷಮೆಯ ಮಾತು ಕೇಳಿ ಮನೆಗೆ ಬಂದವನಿಗೆ ಮರುದಿನ ಬೆಳಿಗ್ಗೆ ಹೊಟ್ಟೆಗೇನು? ಜಾತಿಯವರು ಹೊರಗಿಟ್ಟರು. ಕಸುಬು ಹೋಯಿತು. ಕುಟುಂಬದ ಆಸ್ತಿಯಲ್ಲಿ ಪಾಲು ಸಿಗುವುದೂ ಕಷ್ಟವಾಯಿತು. ಧರ್ಮ ಬಿಟ್ಟ ಕಾರಣಕ್ಕೆ ಆಸ್ತಿ ಹಕ್ಕು ಹೋಗಬಾರದು ಎಂದು 1850ರಲ್ಲಿ ಕಾಯಿದೆ ಬಂದರೂ, ಬಡವನಿಗೆ ಕೋರ್ಟಿನ ಮೆಟ್ಟಿಲು ಎಷ್ಟು ಎತ್ತರವೆಂದು ನಿಮಗೆ ಗೊತ್ತು. ಹಳೆಯದನ್ನು ಬಿಟ್ಟವನ ಕೈ ಖಾಲಿ ಇದ್ದರೆ ಆ ಕೈ ಹಳೆಯದಕ್ಕೇ ಮರಳುತ್ತದೆ.

ಮಿಷನ್ನಿನವರಿಗೆ ಇದು ಬೇಗ ಅರ್ಥವಾಯಿತು. ಬೇಸಾಯ, ಬಡಗಿ ಕೆಲಸ, ಅಚ್ಚುಕೂಟ ಹೀಗೆ ಹಲವು ದಾರಿ ನೋಡಿದರು. 1851ರಲ್ಲಿ ಹಾಲರ್ ಎಂಬವರು ನೇಯ್ಗೆ ಆರಂಭಿಸಿದರು. ಖಾಕಿ ಬಟ್ಟೆಗೆ ಹೆಸರಾದ ನೇಯ್ಗೆ ಅದು. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ನೇತ್ರಾವತಿ ದಡದ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ನದಿಯ ಜೇಡಿಮಣ್ಣು, ಯಂತ್ರದ ಅಚ್ಚು, ಸುಡಲು ಗೂಡು. ಮುಂದೆ ಕುದ್ರೋಳಿ, ಮಲ್ಪೆಗಳಲ್ಲೂ ಕಾರ್ಖಾನೆಗಳು ಬಂದವು. ಮರ ಹತ್ತುತ್ತಿದ್ದವರ ಮಕ್ಕಳು ಹೆಂಚು ಒತ್ತತೊಡಗಿದರು. ಅಪ್ಪನ ಕಸುಬು ಬಿಟ್ಟೂ ಬದುಕಬಹುದು ಎಂದು ಊರಿಗೆ ಕಂಡಿತು.

ಇದರಲ್ಲಿ ಕೊರತೆಯೂ ಇತ್ತು. ಸಂಬಳ ಕೊಡುವವರೂ ಪಾಪ ಎಣಿಸುವವರೂ ಒಂದೇ ಸಂಸ್ಥೆಯವರಾದರೆ ಕೆಲಸಗಾರ ಉಸಿರೆತ್ತುವುದು ಕಷ್ಟ. ಇನ್ನೂ ದೊಡ್ಡ ಪ್ರಶ್ನೆ ಬೇರೆ ಇದೆ. ಕಳ್ಳು ಇಳಿಸುವುದು ಬೆವರಿನ ದುಡಿಮೆ, ಪ್ರಾಣ ಪಣಕ್ಕಿಟ್ಟು ಮಾಡುವ ಕೆಲಸ. ಕುಡಿತದ ಚಟ ಬೇರೆ, ಕಸುಬು ಬೇರೆ, ಹುಟ್ಟು ಬೇರೆ. ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಇವರ ದೌರ್ಬಲ್ಯ ಎಂದುಬಿಟ್ಟರೆ, 'ಎಲ್ಲರೂ' ಎಂದು ಹೊರಟ ಬೋಧನೆ ಮತ್ತೆ ಒಂದೇ ಕೇರಿಯ ಕಡೆ ಬೆರಳು ತೋರಿಸಿದಂತಾಗುತ್ತದೆ.

ಬಿಲ್ಲವರು ಇನ್ನೊಂದು ದಾರಿಯನ್ನೂ ಕಂಡುಕೊಂಡರು. ಹೆಂಚಿನ ಕಾರ್ಖಾನೆ ಇದ್ದ ಅದೇ ಕುದ್ರೋಳಿಯಲ್ಲಿ 1912ರಲ್ಲಿ ನಾರಾಯಣ ಗುರುಗಳು ಗೋಕರ್ಣನಾಥನ ಪ್ರತಿಷ್ಠೆ ಮಾಡಿದರು. ಮದ್ಯ ಮಾಡಬೇಡಿ, ಮಾರಬೇಡಿ, ಕುಡಿಯಬೇಡಿ ಎಂದು ಗುರುಗಳೂ ಬೋಧಿಸಿದರು, ವಿದ್ಯೆ ಕಲಿಯಿರಿ ಎಂದರು. ಧರ್ಮ ಬಿಡದೆಯೂ ಹಣೆಪಟ್ಟಿ ಕಿತ್ತೊಗೆಯಬಹುದೆಂದು ತೋರಿಸಿದರು. ಎರಡೂ ಕಡೆ ಗೆದ್ದದ್ದು ಒಂದೇ ಸೂತ್ರ: ಹಿಂದಿನದಕ್ಕೆ ಕ್ಷಮೆ ಅಥವಾ ಗೌರವ, ಮುಂದಿನದಕ್ಕೆ ಕೆಲಸ ಮತ್ತು ವಿದ್ಯೆ, ಜೊತೆಗೆ ಕೈಬಿಡದ ನಾಲ್ಕು ಜನ.

ಈಗಿನ ವೈದ್ಯರು ಏನೆನ್ನುತ್ತಾರೆ? ಕುಡಿತದ ಚಟಕ್ಕೆ ಬೀಳುವ ಸಾಧ್ಯತೆಯಲ್ಲಿ ಸುಮಾರು ಅರ್ಧ ಪಾಲು ವಂಶದಿಂದ ಬರುತ್ತದೆ ಎಂದು ಅವಳಿ ಮಕ್ಕಳ ಅಧ್ಯಯನಗಳು ತೋರಿಸಿವೆ. ಅಂದರೆ ಊರಿನ ಮಾತು ಪೂರ್ತಿ ಸುಳ್ಳಲ್ಲ. ಆದರೆ ಉಳಿದರ್ಧ ಬೆಳೆದ ಮನೆ, ಸ್ನೇಹ, ಬದುಕಿನ ಒತ್ತಡಗಳ ಕೈಯಲ್ಲಿದೆ. ಅಪ್ಪ ಕುಡಿಯುತ್ತಿದ್ದರೆ ಮಗ ಇನ್ನಷ್ಟು ಎಚ್ಚರವಾಗಿರಬೇಕು ಎಂಬುದು ನಿಜ. ಅವನೂ ಕುಡುಕನಾಗಿಯೇ ತೀರುತ್ತಾನೆ ಎಂಬುದು ಸುಳ್ಳು.

ನಂಬುವವರಿಗೆ ದೇವರ ಕ್ಷಮೆ ಮಾಡುವ ಮೊದಲ ಕೆಲಸ ಈ ಸುಳ್ಳನ್ನು ಮುರಿಯುವುದು. ನೀನು ನಿನ್ನಪ್ಪನಲ್ಲ, ನಿನ್ನೆಯವನೂ ಅಲ್ಲ ಎಂದು ಅದು ಹೇಳುತ್ತದೆ. ಎಡವಿದರೂ ಮತ್ತೆ ಏಳಲು ಬಿಡುತ್ತದೆ. ಆದರೆ ಕ್ಷಮೆ ಸಿಕ್ಕಿತೆಂದು ಔಷಧಿ ಬಿಡಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446, ಕರೆಗೆ ಶುಲ್ಕವಿಲ್ಲ. ಪ್ರಾರ್ಥನೆ ಮಾಡುವವರು ಪ್ರಾರ್ಥನೆಯನ್ನೂ ಮಾಡಲಿ, ಡಾಕ್ಟರನ್ನೂ ಕಾಣಲಿ.

ಇನ್ನು ಉಳಿದದ್ದು ನಮ್ಮ ಪಾಲು. ದೇವರು ಕ್ಷಮಿಸಿದವನನ್ನು ಊರು ಕ್ಷಮಿಸದಿದ್ದರೆ ಅವನು ಹೋಗುವುದೆಲ್ಲಿಗೆ? ಕುಡಿತ ಬಿಟ್ಟು ಆರು ತಿಂಗಳಾದವನಿಗೆ ಕೂಲಿ ಕೊಡಲು ಹಿಂಜರಿಯಬೇಡಿ. ಕುಡುಕನ ಮಗನಿಗೆ ಅಪ್ಪನ ಹೆಸರಿಟ್ಟು ಕರೆಯಬೇಡಿ. ಹೆಣ್ಣು ಕೊಡುವಾಗ ಹುಡುಗನ ವಂಶದ ಜೊತೆ ಅವನ ನಡತೆಯನ್ನೂ ನೋಡಿ. ಮಂಗಳೂರಿನ ಮಿಷನ್ ಹೆಂಚಿನ ಕಾರ್ಖಾನೆಗಳು ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರ್ಕಾರದ ವಶವಾದವು. ಅಷ್ಟರಲ್ಲಿ ಒಂದು ತಲೆಮಾರು ದಾಟಿಯಾಗಿತ್ತು. ಮಕ್ಕಳು ದಾಟುವುದಕ್ಕೆ ಒಂದು ತಲೆಮಾರಿನ ತಾಳ್ಮೆ ಸಾಕು.