ಓವರ್‌ಕ್ಲಾಕಿಂಗ್‌ನಲ್ಲಿ ಸುರಕ್ಷಿತ ವೋಲ್ಟೇಜ್ ಮಿತಿ

ಗಣಕಯಂತ್ರದ ಪ್ರೊಸೆಸರನ್ನು ತಯಾರಕರು ನಿಗದಿಪಡಿಸಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ನಡೆಸುವುದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ಹಾಗೆ ನಡೆಸುವಾಗ ಪ್ರೊಸೆಸರಿನ ಆಯುಷ್ಯಕ್ಕೆ ಧಕ್ಕೆಯಾಗದಂತೆ ಕೊಡಬಹುದಾದ ಗರಿಷ್ಠ ವೋಲ್ಟೇಜನ್ನು ಸುರಕ್ಷಿತ ವೋಲ್ಟೇಜ್ ಮಿತಿ ಎನ್ನುತ್ತಾರೆ. ಎಲ್ಲ ಪ್ರೊಸೆಸರುಗಳಿಗೂ ಅನ್ವಯಿಸುವ ಒಂದೇ ಸಂಖ್ಯೆ ಇದಕ್ಕಿಲ್ಲ. ಚಿಪ್ಪಿನ ತಯಾರಿಕಾ ತಂತ್ರ, ಉಷ್ಣತೆ ಮತ್ತು ಹರಿಯುವ ವಿದ್ಯುತ್ ಪ್ರವಾಹಗಳನ್ನು ಅನುಸರಿಸಿ ಮಿತಿಯು ಬದಲಾಗುತ್ತದೆ.

ವೋಲ್ಟೇಜ್ ಮತ್ತು ಶಾಖ

ವೋಲ್ಟೇಜ್ ಹೆಚ್ಚಿದಂತೆ ಟ್ರಾನ್ಸಿಸ್ಟರುಗಳು ಬೇಗ ಸ್ಥಿತಿ ಬದಲಿಸುತ್ತವೆ; ಹೆಚ್ಚಿನ ವೇಗದಲ್ಲಿಯೂ ಲೆಕ್ಕ ತಪ್ಪದಿರಲು ಇದು ಅಗತ್ಯ. ಆದರೆ ಟ್ರಾನ್ಸಿಸ್ಟರುಗಳ ಈ ಕೆಲಸಕ್ಕೆ ವ್ಯಯವಾಗುವ ಶಕ್ತಿಯು ವೋಲ್ಟೇಜಿನ ವರ್ಗಕ್ಕೂ ವೇಗಕ್ಕೂ ಅನುಪಾತದಲ್ಲಿರುತ್ತದೆ. 1.20 ವೋಲ್ಟನ್ನು 1.32ಕ್ಕೆ ಏರಿಸಿದರೆ ಏರಿಕೆ ಶೇ. 10 ಮಾತ್ರ, ಶಕ್ತಿವ್ಯಯದ ಏರಿಕೆ ಶೇ. 21. ವೇಗವನ್ನೂ ಶೇ. 10 ಹೆಚ್ಚಿಸಿದರೆ ಅದು ಸುಮಾರು ಶೇ. 33 ಆಗುತ್ತದೆ.

ಸವೆತ

ಶಾಖವನ್ನು ಒಳ್ಳೆಯ ಶೀತಕದಿಂದ ಹೊರಹಾಕಬಹುದು, ಸವೆತವನ್ನು ಪೂರ್ತಿಯಾಗಿ ತಡೆಯಲಾಗದು. ಹೊಳೆಯ ಸೆಳೆತ ದಡದ ಮಣ್ಣನ್ನು ಕೊರೆಯುವಂತೆ, ಎಲೆಕ್ಟ್ರಾನುಗಳ ಪ್ರವಾಹವು ಚಿಪ್ಪಿನೊಳಗಿನ ಸೂಕ್ಷ್ಮ ಲೋಹತಂತುಗಳ ಪರಮಾಣುಗಳನ್ನು ಸ್ಥಳಾಂತರಿಸುತ್ತದೆ. ಇದು ಎಲೆಕ್ಟ್ರೋಮೈಗ್ರೇಷನ್. ಟ್ರಾನ್ಸಿಸ್ಟರಿನ ಗೇಟಿನ ಕೆಳಗಿರುವ ತೆಳುವಾದ ನಿರೋಧಕ ಪದರವೂ ಅಧಿಕ ವೋಲ್ಟೇಜಿನಿಂದ ಕ್ರಮೇಣ ದುರ್ಬಲಗೊಳ್ಳುತ್ತದೆ. ಈ ಹಾನಿ ಕಣ್ಣಿಗೆ ಕಾಣುವಂಥದ್ದಲ್ಲ. ಮೊದಲು ಸರಿಯಾಗಿದ್ದ ವೇಗಕ್ಕೆ ಕೆಲವು ತಿಂಗಳ ನಂತರ ಹೆಚ್ಚು ವೋಲ್ಟೇಜ್ ಬೇಕಾಗುವುದೇ ಅದರ ಸಾಮಾನ್ಯ ಲಕ್ಷಣ. ಆದ್ದರಿಂದ ಒಂದು ರಾತ್ರಿಯ ಪರೀಕ್ಷೆಯಲ್ಲಿ ಯಂತ್ರವು ನಿಲ್ಲದೆ ನಡೆಯಿತೆಂಬುದು ವೋಲ್ಟೇಜ್ ಸುರಕ್ಷಿತವೆನ್ನಲು ಸಾಕ್ಷಿಯಾಗದು.

ಪ್ರಮುಖ ನಿದರ್ಶನಗಳು

2002ರಲ್ಲಿ ಬಂದ ಇಂಟೆಲ್‌ನ ನಾರ್ತ್‌ವುಡ್ ಪೆಂಟಿಯಂ 4 ಪ್ರೊಸೆಸರುಗಳಿಗೆ ಹವ್ಯಾಸಿಗಳು 1.7 ವೋಲ್ಟ್ ಮೀರಿ ಕೊಟ್ಟಾಗ ಅನೇಕವು ಅಲ್ಪಕಾಲದಲ್ಲಿ ನಿಷ್ಕ್ರಿಯವಾದವು. ಹಿಂದಿನ ಪೀಳಿಗೆಯ ಚಿಪ್ಪುಗಳಿಗೆ ಅಷ್ಟು ವೋಲ್ಟೇಜ್ ಸಹಜವಾಗಿತ್ತು. ಹಳೆಯ ಅಳತೆಯನ್ನು ಹೊಸದಕ್ಕೆ ಹಚ್ಚಿದ್ದೇ ತಪ್ಪಾಯಿತು.

2023ರಲ್ಲಿ ಎಎಂಡಿಯ ರೈಜನ್ 7000 ಸರಣಿಯ ಕೆಲವು ಪ್ರೊಸೆಸರುಗಳು ಮದರ್‌ಬೋರ್ಡಿನ ಸಾಕೆಟ್ಟಿನೊಡನೆ ಸುಟ್ಟುಹೋದವು. ಮೆಮೊರಿಯ ವೇಗ ಹೆಚ್ಚಿಸುವ ಸಿದ್ಧ ಆಯ್ಕೆಯನ್ನು ಬಳಸಿದಾಗ ಮದರ್‌ಬೋರ್ಡು ತಾನಾಗಿಯೇ ಎಸ್‌ಒಸಿ ವೋಲ್ಟೇಜನ್ನು ಏರಿಸುತ್ತಿತ್ತು. ಆ ಬಳಿಕ ಎಎಂಡಿಯು ಅದನ್ನು 1.3 ವೋಲ್ಟಿಗೆ ಮಿತಿಗೊಳಿಸಿತು.

ಇಂಟೆಲ್‌ನ 13 ಮತ್ತು 14ನೆಯ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಓವರ್‌ಕ್ಲಾಕ್ ಮಾಡದಿದ್ದರೂ ಅಸ್ಥಿರತೆ ಕಂಡುಬಂದಿತು. ಅಗತ್ಯಕ್ಕಿಂತ ಅಧಿಕ ವೋಲ್ಟೇಜ್ ಕೇಳುತ್ತಿದ್ದ ಮೈಕ್ರೋಕೋಡ್ ಒಂದು ಕಾರಣವೆಂದು ತಿಳಿದ ಮೇಲೆ, 2024ರ ಆಗಸ್ಟ್‌ನಲ್ಲಿ ಬೇಡಿಕೆಯನ್ನು 1.55 ವೋಲ್ಟಿಗೆ ಮಿತಿಗೊಳಿಸುವ ಪರಿಷ್ಕರಣೆ ಬಂದಿತು. ಅದಾಗಲೇ ಸವೆದಿದ್ದ ಚಿಪ್ಪುಗಳನ್ನು ಅದು ಸರಿಪಡಿಸಲಾರದು.

ಅಳತೆ

ಬಯಾಸ್‌ನಲ್ಲಿ ನಮೂದಿಸಿದ ಸಂಖ್ಯೆಯೇ ಚಿಪ್ಪನ್ನು ತಲುಪುತ್ತದೆಂದು ತಿಳಿಯಬಾರದು. ಕೆಲಸದ ಹೊರೆ ಬಿದ್ದಾಗ ವೋಲ್ಟೇಜ್ ಕುಸಿಯುತ್ತದೆ. ಈ ಕುಸಿತವನ್ನು ತುಂಬಿಕೊಡುವ ಲೋಡ್‌ಲೈನ್ ಕ್ಯಾಲಿಬ್ರೇಷನನ್ನು ಅತಿಯಾಗಿ ಇಟ್ಟರೆ, ಹೊರೆ ಇಳಿದ ಕ್ಷಣದಲ್ಲಿ ವೋಲ್ಟೇಜ್ ನಿಗದಿತ ಮಟ್ಟವನ್ನು ಮೀರಿ ಜಿಗಿಯುತ್ತದೆ. ಈ ಜಿಗಿತ ಅತ್ಯಲ್ಪಕಾಲದ್ದಾಗಿರುವುದರಿಂದ ಸಾಮಾನ್ಯ ತಂತ್ರಾಂಶಗಳಿಗೆ ಗೋಚರಿಸುವುದಿಲ್ಲ; ಅದನ್ನು ನೋಡಲು ಆಸಿಲೋಸ್ಕೋಪ್ ಬೇಕು.